ಮೀನಿನ ತೊಟ್ಟಿಯ ಸೈಫನ್ ಕೊಳವೆ: ಮನೆಯದೋ, ಅಂಗಡಿಯದೋ?

ಅಡಿಕೆ, ಭತ್ತ ಮತ್ತು ಮೆಕ್ಕೆಜೋಳದ ವಹಿವಾಟಿಗೆ ಹೆಸರಾದ ಚನ್ನಗಿರಿ ಸೀಮೆಯಲ್ಲಿ ಅಲಂಕಾರಿಕ ಮೀನಿನ ವ್ಯಾಪಾರದ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಅದರಲ್ಲಿಯೂ ಒಂದು ಗಾಜಿನ ತೊಟ್ಟಿಯಿಂದ ನೀರು ಹೊರತೆಗೆಯುವ ಎರಡು ಮೀಟರ್ ಉದ್ದದ ಕೊಳವೆಯನ್ನು ಚರ್ಚೆಯ ವಸ್ತುವಾಗಿಸುವುದು ಇನ್ನೂ ವಿಚಿತ್ರವೆನಿಸಬಹುದು. ಆದರೆ ಅಕ್ವೇರಿಯಂ ವ್ಯಾಪಾರದ ಉಳಿವು ಅಳಿವು ಬಹುಮಟ್ಟಿಗೆ ಈ ಕೊಳವೆಯನ್ನೇ ಅವಲಂಬಿಸಿದೆ ಎಂಬುದು ಈ ಲೇಖನದ ಪ್ರತಿಪಾದನೆ. ಅಷ್ಟೇ ಅಲ್ಲದೆ, ಉಬ್ರಾಣಿಯಂತಹ ಹೋಬಳಿ ಕೇಂದ್ರದ ಹಾರ್ಡ್‌ವೇರ್ ವರ್ತಕರೂ, ಜಿಲ್ಲೆಯ ಸಣ್ಣ ಪ್ಲಾಸ್ಟಿಕ್ ಉದ್ಯಮಿಗಳೂ ಗಮನಿಸಬೇಕಾದ ಒಂದು ಸಣ್ಣ ಅವಕಾಶವೂ ಇದರಲ್ಲಿ ಅಡಗಿದೆ.

ವ್ಯಾಪಾರದ ಹಿನ್ನೆಲೆ

ಒಂದು ಮೀನಿನ ತೊಟ್ಟಿ ಮಾರಾಟವಾದಾಗ ಲಾಭ ಪಡೆಯುವವರು ಮೀನಿನ ಅಂಗಡಿಯವರು ಮಾತ್ರವಲ್ಲ. ಗಾಜು ಕತ್ತರಿಸಿ ಸಿಲಿಕೋನ್ ಅಂಟಿನಿಂದ ಜೋಡಿಸುವವರು, ಕಬ್ಬಿಣದ ಸ್ಟ್ಯಾಂಡನ್ನು ವೆಲ್ಡಿಂಗ್ ಮಾಡುವವರು, ಗಾಳಿಯ ಪಂಪು ಮತ್ತು ದೀಪ ಮಾರುವ ವಿದ್ಯುತ್ ಉಪಕರಣಗಳ ವರ್ತಕರು, ಬಣ್ಣದ ಹರಳು ಪೂರೈಸುವವರು ಹೀಗೆ ಹಲವರಿಗೆ ಕೆಲಸ ದೊರೆಯುತ್ತದೆ. ಆದರೆ ಇದೆಲ್ಲವೂ ಒಮ್ಮೆ ಮಾತ್ರ ಆಗುವ ಮಾರಾಟ. ವರ್ತಕನಿಗೆ ನಿಜವಾದ ಸ್ಥಿರ ಆದಾಯ ಬರುವುದು ಗಿರಾಕಿಯು ತಿಂಗಳು ತಿಂಗಳೂ ಮರಳಿ ಬಂದು ಮೀನಿನ ಆಹಾರ, ಔಷಧ, ಫಿಲ್ಟರಿನ ಸ್ಪಂಜು ಮತ್ತು ಹೊಸ ಮೀನುಗಳನ್ನು ಕೊಂಡಾಗ.

ಗಿರಾಕಿ ಏಕೆ ಮರಳಿ ಬರುವುದಿಲ್ಲ ಎಂದು ವಿಚಾರಿಸಿದರೆ ಕಾರಣ ಸರಳವಾಗಿದೆ. ಮೊದಲ ತಿಂಗಳು ಮನೆಮಂದಿಗೆಲ್ಲ ಉತ್ಸಾಹವಿರುತ್ತದೆ. ಎರಡನೆಯ ತಿಂಗಳಿನಲ್ಲಿ ನೀರು ಕದಡುತ್ತದೆ. ಚೊಂಬಿನಿಂದ ನೀರು ಮೊಗೆದು ಬಕೆಟ್ಟಿಗೆ ಸುರಿಯುವಷ್ಟರಲ್ಲಿ ನೆಲವೆಲ್ಲ ಒದ್ದೆಯಾಗಿ, ಮೀನುಗಳು ಬೆದರಿ, ತಳದ ಕೊಳೆ ಮೇಲೆದ್ದು ನೀರು ಮೊದಲಿಗಿಂತ ಕೆಡುತ್ತದೆ. ಬೇಸತ್ತವರು ತೊಟ್ಟಿಯ ನೀರನ್ನು ಒಮ್ಮೆಲೇ ಪೂರ್ತಿ ಬದಲಾಯಿಸುತ್ತಾರೆ. ಮೀನುಗಳು ಸಾಯುತ್ತವೆ. ತೊಟ್ಟಿ ಅಟ್ಟ ಸೇರುತ್ತದೆ. ಆ ಮನೆಯವರು ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲವೆಂದು ನಾಲ್ಕು ಜನರ ಬಳಿ ಹೇಳುತ್ತಾರೆ. ಹೀಗೆ ಒಂದು ಕೊಳವೆಯ ಕೊರತೆಯಿಂದ ಒಬ್ಬ ಗಿರಾಕಿಯೊಡನೆ ಆತನ ನೆರೆಹೊರೆಯ ಗಿರಾಕಿಗಳೂ ಕೈತಪ್ಪುತ್ತಾರೆ.

ನೀರನ್ನು ಏಕೆ ಬದಲಾಯಿಸಬೇಕೆಂಬುದನ್ನು ವರ್ತಕರು ಗಿರಾಕಿಗೆ ಎರಡು ಮಾತಿನಲ್ಲಿ ತಿಳಿಸಬಲ್ಲವರಾಗಿರಬೇಕು. ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಉಂಟಾಗುತ್ತದೆ. ಇದು ಮೀನಿಗೆ ವಿಷ. ಹರಳಿನಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಸುವ ಉಪಕಾರಿ ಬ್ಯಾಕ್ಟೀರಿಯಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ಕಡಮೆ ಹಾನಿಕರವಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಸಾಮಾನ್ಯ ಗೃಹ ತೊಟ್ಟಿಯಲ್ಲಿ ಈ ನೈಟ್ರೇಟ್ ತಾನಾಗಿಯೇ ಹೊರಹೋಗುವುದಿಲ್ಲ. ನೀರಿನೊಡನೆ ಅದನ್ನು ಹೊರತೆಗೆಯಬೇಕು. ಆದುದರಿಂದ ವಾರಕ್ಕೊಮ್ಮೆ ಶೇಕಡಾ 20ರಿಂದ 25ರಷ್ಟು ನೀರನ್ನು ತಳದ ಕೊಳೆಯೊಡನೆ ತೆಗೆದು, ಅಷ್ಟೇ ಹೊಸ ನೀರನ್ನು ಸೇರಿಸುವುದು ಒಳ್ಳೆಯ ಪದ್ಧತಿ. ಇಡೀ ನೀರನ್ನು ಬದಲಾಯಿಸಿ ಹರಳನ್ನು ನಲ್ಲಿಯ ಕೆಳಗೆ ತೊಳೆದರೆ ಉಪಕಾರಿ ಬ್ಯಾಕ್ಟೀರಿಯಗಳೂ ನಾಶವಾಗುತ್ತವೆ. ನೀರಿನ ಉಷ್ಣತೆ ಮತ್ತು ಗುಣದಲ್ಲಿ ಹಠಾತ್ತನೆ ಆಗುವ ಬದಲಾವಣೆಯನ್ನು ಮೀನು ತಾಳಲಾರದು.

ಕೇಂದ್ರ ಸರ್ಕಾರವು 2020ರಲ್ಲಿ ಪ್ರಾರಂಭಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನು ಸಾಕಣೆಯನ್ನೂ ಸೇರಿಸಲಾಯಿತು. ಮನೆಯ ಹಿತ್ತಲಿನ ಘಟಕಕ್ಕೆ 3 ಲಕ್ಷ ರೂಪಾಯಿ, ಮಧ್ಯಮ ಗಾತ್ರದ ಘಟಕಕ್ಕೆ 8 ಲಕ್ಷ ರೂಪಾಯಿ ಘಟಕ ವೆಚ್ಚವೆಂದು ನಿಗದಿಪಡಿಸಿ, ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ. 60ರ ಸಹಾಯಧನವನ್ನು ಅದರಲ್ಲಿ ಗೊತ್ತುಮಾಡಲಾಗಿತ್ತು. ಅನುದಾನದ ಲಭ್ಯತೆಯನ್ನು ಆಸಕ್ತರು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ. ಇಂತಹ ಘಟಕಗಳಲ್ಲಿ ಹತ್ತಾರು ತೊಟ್ಟಿಗಳಿಂದ ಪದೇ ಪದೇ ನೀರು ತೆಗೆಯಬೇಕಾಗುವುದರಿಂದ ಕೊಳವೆಯ ಪ್ರಶ್ನೆ ಅಲ್ಲಿ ಇನ್ನೂ ಮುಖ್ಯವಾಗುತ್ತದೆ.

ಸೈಫನ್ನಿನ ತತ್ತ್ವ

ಸೈಫನ್ ಎಂಬ ಪದ ನಮ್ಮ ರೈತರಿಗೆ ಹೊಸದಲ್ಲ. ಭದ್ರಾ ನಾಲೆಯ ಅಂಚಿನಲ್ಲಿರುವವರು, ಹಳ್ಳದ ಅಡಿಯಿಂದ ನಾಲೆಯ ನೀರನ್ನು ದಾಟಿಸುವ ಕಟ್ಟಡವನ್ನೂ ಸೈಫನ್ ಎಂದೇ ಕರೆಯುತ್ತಾರೆ. ಆದರೆ ಅದು ತಲೆಕೆಳಗಾದ ಸೈಫನ್. ಅಲ್ಲಿ ನೀರು ಕೆಳಗಿಳಿದು ಮೇಲೇರುತ್ತದೆ. ಮೀನಿನ ತೊಟ್ಟಿಯಲ್ಲಿ ಬಳಸುವುದು ನಿಜವಾದ ಸೈಫನ್. ಇಲ್ಲಿ ನೀರು ಮೊದಲು ತೊಟ್ಟಿಯ ಅಂಚನ್ನು ಏರಿ, ಬಳಿಕ ಕೆಳಗಿಳಿಯುತ್ತದೆ. ಕೊಳವೆಯ ಹೊರತುದಿಯು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿರುವವರೆಗೆ, ಮತ್ತು ಕೊಳವೆಯೊಳಗೆ ಗಾಳಿ ಸೇರದಿರುವವರೆಗೆ ಹರಿವು ನಿಲ್ಲದೆ ಸಾಗುತ್ತದೆ. ವಿದ್ಯುತ್ತೂ ಬೇಡ, ಯಂತ್ರವೂ ಬೇಡ.

ಈ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಕೀರ್ತಿ ಹಳೆಯ ಮೈಸೂರು ಸಂಸ್ಥಾನದ ಎಂಜಿನಿಯರುಗಳಿಗೆ ಸಲ್ಲುತ್ತದೆ. ಗಣೇಶ ಅಯ್ಯರ್ ಅವರು ರೂಪಿಸಿದ ಸುರುಳಿ ಸೈಫನ್ನುಗಳನ್ನು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿಯೂ, ಶರಾವತಿಗೆ ಅಡ್ಡಲಾಗಿ ಸಾಗರ ತಾಲ್ಲೂಕಿನ ಮಡೆನೂರಿನಲ್ಲಿ ಕಟ್ಟಲಾದ ಹಿರೇಭಾಸ್ಕರ ಅಣೆಕಟ್ಟಿನಲ್ಲಿಯೂ ಅಳವಡಿಸಲಾಯಿತು. ಜಲಾಶಯ ತುಂಬಿ ನೀರು ಸೈಫನ್ನಿನ ಬಾಯಿಯನ್ನು ಮುಟ್ಟಿದೊಡನೆ, ಸುರುಳಿಯಾಕಾರದ ಅಲಗುಗಳಿಂದ ನೀರು ಸುಳಿಯಾಗಿ ಇಳಿಯುತ್ತಿತ್ತು. ಆ ಸುಳಿ ಒಳಗಿನ ಗಾಳಿಯನ್ನು ಸೆಳೆದೊಯ್ದು, ಮನುಷ್ಯನ ಕೈ ಸೋಕದೆ ಸೈಫನ್ ತಾನಾಗಿ ಹರಿಯಲಾರಂಭಿಸುತ್ತಿತ್ತು. ನೀರಿನ ಮಟ್ಟ ಇಳಿದು ಗಾಳಿ ಒಳಸೇರಿದಾಗ ತಾನಾಗಿಯೇ ನಿಲ್ಲುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಹಿರೇಭಾಸ್ಕರವು ಮುಳುಗಡೆಯಾಯಿತು. ಬೇಸಿಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಆ ಹಳೆಯ ಕಟ್ಟಡ ಹೊರಗೆ ಕಾಣಿಸುವುದುಂಟು. ತಾನಾಗಿ ಪ್ರಾರಂಭವಾಗುವುದು, ತಾನಾಗಿ ನಿಲ್ಲುವುದು: ಮೀನಿನ ತೊಟ್ಟಿಯ ಕೊಳವೆಯಲ್ಲಿ ಇಂದು ಗಿರಾಕಿ ಬಯಸುವುದೂ ಈ ಎರಡು ಗುಣಗಳನ್ನೇ.

ಮನೆಯಲ್ಲಿ ಮಾಡಿಕೊಂಡ ಕೊಳವೆ

ಉಬ್ರಾಣಿ ಸುತ್ತಮುತ್ತಲ ಅಡಿಕೆ ತೋಟದ ಮನೆಗಳಲ್ಲಿ ಕೊಳವೆಗೆ ಬರವಿಲ್ಲ. ಹನಿ ನೀರಾವರಿಗೆಂದು ತಂದ 16 ಮಿ.ಮೀ. ಕಪ್ಪು ಪೈಪಿನ ತುಂಡುಗಳು ಮನೆಯ ಮೂಲೆಯಲ್ಲಿ ಬಿದ್ದಿರುತ್ತವೆ. ಅಂತೆಯೇ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಹಾರ್ಡ್‌ವೇರ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಇವುಗಳಿಂದ ಸೈಫನ್ ಮಾಡಿಕೊಳ್ಳಲು ಹೆಚ್ಚಿನ ಕೌಶಲ ಬೇಕಿಲ್ಲ.

ಈ ಎರಡರಲ್ಲಿ ಲೆವೆಲ್ ಪೈಪು ಉತ್ತಮ. ಅದು ಮೆತ್ತಗಿದ್ದು ಬಾಗುತ್ತದೆ. ಒಳಗೆ ಹೋಗುತ್ತಿರುವುದು ಕೊಳೆಯೋ, ಹರಳೋ, ಮರಿ ಮೀನೋ ಎಂಬುದು ಕಣ್ಣಿಗೆ ಕಾಣುತ್ತದೆ. ಹನಿ ನೀರಾವರಿಯ ಪೈಪು ಬಿಗಿಯಾಗಿದ್ದು, ತೊಟ್ಟಿಯ ಅಂಚಿನಲ್ಲಿ ಬಾಗಿಸಿದಾಗ ಮಡಿಚಿಕೊಂಡು ಹರಿವು ನಿಲ್ಲುತ್ತದೆ. ಕಪ್ಪಾಗಿರುವುದರಿಂದ ಒಳಗಿನದು ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ತೋಟದಲ್ಲಿ ಒಮ್ಮೆ ಗೊಬ್ಬರ ಅಥವಾ ಔಷಧ ಹರಿದ ಪೈಪನ್ನು ಮೀನಿನ ತೊಟ್ಟಿಗೆ ಎಂದಿಗೂ ಇಳಿಸಬಾರದು. ತಾಮ್ರದ ಅಂಶವುಳ್ಳ ಸಿಂಪಡಣೆಗಳು ಅಡಿಕೆಗೆ ರಕ್ಷಣೆಯಾದರೂ ಮೀನಿಗೆ ಮಾರಕ. ಬೋರ್ಡೋ ದ್ರಾವಣ ಮುಟ್ಟಿದ ಬಕೆಟ್ಟು ಮತ್ತು ಪೈಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಬರಿಯ ಪೈಪು ನೀರನ್ನು ಮಾತ್ರ ತೆಗೆಯುತ್ತದೆ. ಹರಳಿನ ನಡುವಿನ ಕೊಳೆಯನ್ನು ತೆಗೆಯಲು ಪೈಪಿನ ತುದಿಗೆ ಅಗಲವಾದ ಬಾಯಿ ಬೇಕು. ಇದಕ್ಕೆಂದು ಹಲವರು ನೀರಿನ ಬಾಟಲಿಯ ತಳವನ್ನು ಕತ್ತರಿಸಿ, ಅದರ ಕತ್ತಿಗೆ ಪೈಪನ್ನು ಸಿಕ್ಕಿಸುತ್ತಾರೆ. ಉಪಾಯ ಒಳ್ಳೆಯದು. ಆದರೆ ಬಹಳಷ್ಟು ಮನೆಗಳಲ್ಲಿ ಇದು ಸರಿಯಾಗಿ ಕೆಲಸ ಮಾಡದಿರುವುದಕ್ಕೆ ಕಾರಣ ಬಾಟಲಿಯ ಗಾತ್ರದ ಆಯ್ಕೆ. ಇದನ್ನು ಲೆಕ್ಕದ ಮೂಲಕವೇ ನೋಡುವುದು ಒಳ್ಳೆಯದು.

ವ್ಯಾಸದ ಲೆಕ್ಕ

ತೊಟ್ಟಿಯ ನೀರಿನ ಮಟ್ಟಕ್ಕೂ ಕೊಳವೆಯ ಹೊರತುದಿಗೂ ನಡುವೆ 60 ಸೆಂ.ಮೀ. ಅಂತರವಿದೆಯೆಂದೂ, ಕೊಳವೆಯ ಉದ್ದ 2 ಮೀಟರ್ ಎಂದೂ ಇಟ್ಟುಕೊಳ್ಳೋಣ. ಘರ್ಷಣೆಯನ್ನು ಕಳೆದರೆ ಒಳವ್ಯಾಸ 8 ಮಿ.ಮೀ. ಇರುವ ಕೊಳವೆಯಿಂದ ನಿಮಿಷಕ್ಕೆ ಸುಮಾರು 3ರಿಂದ 4 ಲೀಟರ್, 12 ಮಿ.ಮೀ. ಕೊಳವೆಯಿಂದ ಸುಮಾರು 9ರಿಂದ 10 ಲೀಟರ್, 16 ಮಿ.ಮೀ. ಕೊಳವೆಯಿಂದ ಸುಮಾರು 19 ಲೀಟರ್ ನೀರು ಹೊರಬರುತ್ತದೆ. ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಹರಿವು ಐದಾರು ಪಟ್ಟು ಹೆಚ್ಚುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 127 ಲೀಟರ್ ನೀರು ಹಿಡಿಯುತ್ತದೆ. ಇದರ ಕಾಲು ಭಾಗ, ಅಂದರೆ ಸುಮಾರು 32 ಲೀಟರ್ ತೆಗೆಯಲು 8 ಮಿ.ಮೀ. ಕೊಳವೆಗೆ ಒಂಬತ್ತು ಹತ್ತು ನಿಮಿಷ ಬೇಕು; 12 ಮಿ.ಮೀ. ಕೊಳವೆಗೆ ಮೂರೂವರೆ ನಿಮಿಷ ಸಾಕು, 16 ಮಿ.ಮೀ. ಆದರೆ ಎರಡು ನಿಮಿಷದೊಳಗೆ ನೀರು ಹೊರಹೋಗಿಬಿಡುತ್ತದೆ. ಎರಡು ನಿಮಿಷದಲ್ಲಿ ಮೂರು ಅಡಿ ಉದ್ದದ ತಳವನ್ನು ಶುಚಿಮಾಡುವುದು ಸಾಧ್ಯವಿಲ್ಲ; ಬಕೆಟ್ಟನ್ನು ಬದಲಾಯಿಸಲೂ ಪುರುಸೊತ್ತಿರುವುದಿಲ್ಲ. ಆದ ಕಾರಣ ಮನೆಯ ತೊಟ್ಟಿಗೆ 12 ಮಿ.ಮೀ. ಯೋಗ್ಯವಾದುದು. ಎರಡು ಅಡಿಗಿಂತ ಚಿಕ್ಕ ತೊಟ್ಟಿಗಳಿಗೆ 8 ಮಿ.ಮೀ., ಸಾಕಣೆ ಘಟಕಗಳ ದೊಡ್ಡ ತೊಟ್ಟಿಗಳಿಗೆ 16 ಮಿ.ಮೀ. ಅಥವಾ ಅದಕ್ಕೂ ಮೇಲ್ಪಟ್ಟದ್ದು ಹೊಂದುತ್ತದೆ.

ಈಗ ಬಾಟಲಿಯ ವಿಷಯ. 12 ಮಿ.ಮೀ. ಕೊಳವೆಯ ಹರಿವನ್ನು 40 ಮಿ.ಮೀ. ವ್ಯಾಸದ ಅಗಲ ಬಾಯಿಗೆ ಜೋಡಿಸಿದರೆ, ಆ ಬಾಯಿಯೊಳಗೆ ನೀರು ಸೆಕೆಂಡಿಗೆ ಸುಮಾರು 13 ಸೆಂ.ಮೀ. ವೇಗದಲ್ಲಿ ಮೇಲೇರುತ್ತದೆ. ಮೂರು ಮಿ.ಮೀ. ಗಾತ್ರದ ಹರಳನ್ನು ಮೇಲಕ್ಕೆ ಕೊಂಡೊಯ್ಯಲು ಈ ವೇಗ ಸಾಲದು, ಆದರೆ ಹರಳು ಮಗುಚಿಕೊಳ್ಳಲು ಸಾಕು. ಹಗುರವಾದ ಕೊಳೆ ಬೇರ್ಪಟ್ಟು ಮೇಲೇರುತ್ತದೆ, ಹರಳು ಕೆಳಗೆ ಮರಳುತ್ತದೆ. ಮೊರದಲ್ಲಿ ಕಾಳು ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವಂತೆಯೇ ಇದು. ಅದೇ ಕೊಳವೆಗೆ ಒಂದು ಲೀಟರಿನ ಬಾಟಲಿಯನ್ನು ಜೋಡಿಸಿದರೆ, ಅದರ ವ್ಯಾಸ ಸುಮಾರು 75 ಮಿ.ಮೀ. ಇರುವುದರಿಂದ ವೇಗ ಸೆಕೆಂಡಿಗೆ 4 ಸೆಂ.ಮೀ.ಗಿಂತ ಕಡಮೆಯಾಗುತ್ತದೆ. ಹರಳು ಅಲುಗುವುದೇ ಇಲ್ಲ. ಬಾಟಲಿಯೊಳಗೆ ಕೊಳೆ ಸುತ್ತುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಗಿರಾಕಿ ಮಾತ್ರ ಸೈಫನ್ನೇ ನಿಷ್ಪ್ರಯೋಜಕವೆಂದು ತೀರ್ಮಾನಿಸುತ್ತಾನೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ತಳದಲ್ಲಿ ಹರಳಿನ ಬದಲಾಗಿ ಮರಳು ಹಾಸಿದ್ದರೆ, ಅರ್ಧ ಮಿ.ಮೀ. ಗಾತ್ರದ ಮರಳಿನ ಕಣವು 13 ಸೆಂ.ಮೀ. ವೇಗದ ನೀರಿನೊಡನೆ ಮೇಲೇರಿ ಬಕೆಟ್ಟನ್ನು ಸೇರುತ್ತದೆ. ಅಲ್ಲಿ ಅಗಲವಾದ ಬಾಟಲಿಯೇ ಒಳ್ಳೆಯದು. ಇಲ್ಲವೇ ಬಾಯಿಯನ್ನು ಮರಳಿಗೆ ಒತ್ತದೆ ಒಂದೆರಡು ಅಂಗುಲ ಮೇಲೆ ಹಿಡಿದು ಕೊಳೆಯನ್ನು ಮಾತ್ರ ಎಳೆದುಕೊಳ್ಳಬೇಕು. ಅಂದರೆ ಯಾವ ಕೊಳವೆ ಒಳ್ಳೆಯದೆಂಬುದಕ್ಕೆ ಒಂದೇ ಉತ್ತರವಿಲ್ಲ. ತೊಟ್ಟಿಯ ಗಾತ್ರ ಎಷ್ಟು, ತಳದಲ್ಲಿ ಏನಿದೆ ಎಂದು ಗಿರಾಕಿಯನ್ನು ಕೇಳಿದ ನಂತರವೇ ವರ್ತಕನು ಉತ್ತರ ಹೇಳಬೇಕು.

ಅಂಗಡಿಯ ಕೊಳವೆ

ಅಂಗಡಿಯಲ್ಲಿ ದೊರೆಯುವ ಸೈಫನ್ನುಗಳು ಸಾಮಾನ್ಯವಾಗಿ ಗಟ್ಟಿ ಪ್ಲಾಸ್ಟಿಕ್ಕಿನ ಅಗಲ ಬಾಯಿ, ಮೆತ್ತನೆಯ ಕೊಳವೆ, ಕೈಯಿಂದ ಹಿಸುಕುವ ಬಲ್ಬು ಮತ್ತು ಹರಿವನ್ನು ತಡೆಯುವ ಕ್ಲಿಪ್ಪು ಇವುಗಳನ್ನು ಒಳಗೊಂಡಿರುತ್ತವೆ. ಬಾಯಿಯ ಮೇಲೆ ಜಾಲರಿ ಇರುವುದರಿಂದ ಮರಿ ಮೀನುಗಳು ಒಳಗೆ ಸೇರುವುದಿಲ್ಲ. ಬಲ್ಬಿನೊಳಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಕವಾಟವಿರುತ್ತದೆ; ಐದಾರು ಬಾರಿ ಹಿಸುಕಿದರೆ ಹರಿವು ಪ್ರಾರಂಭವಾಗುತ್ತದೆ. ಇನ್ನು ಕೆಲವುಗಳಲ್ಲಿ ಬಾಯಿಯ ಬಳಿಯೇ ಗೋಲಿಯಂತಹ ಕವಾಟವಿದ್ದು, ನೀರಿನಲ್ಲಿ ಮೇಲೆ ಕೆಳಗೆ ನಾಲ್ಕು ಬಾರಿ ಆಡಿಸಿದರೆ ಸಾಕು.

ಇವುಗಳ ದೋಷಗಳನ್ನೂ ಹೇಳಬೇಕು. ಅಗ್ಗದ ಸೆಟ್ಟುಗಳಲ್ಲಿ ಕೊಳವೆ ತೆಳುವಾಗಿದ್ದು ಅಂಚಿನಲ್ಲಿ ಮಡಿಚಿಕೊಳ್ಳುತ್ತದೆ. ಬಲ್ಬಿನ ರಬ್ಬರು ಬಿಸಿಲಿಗೆ ಬಿರುಕುಬಿಟ್ಟು ಗಾಳಿ ಸೇರುತ್ತದೆ. ಕವಾಟದಲ್ಲಿ ಒಂದು ಹರಳು ಸಿಕ್ಕಿಕೊಂಡರೆ ಬಿಡಿ ಭಾಗ ಸಿಗದೆ ಇಡೀ ಸೆಟ್ಟನ್ನೇ ಎಸೆಯಬೇಕಾಗುತ್ತದೆ. ಕೊಳವೆಯ ಉದ್ದವೂ ಹಲವು ವೇಳೆ ಸಾಲದು. ತೊಟ್ಟಿಯಿಂದ ಬಕೆಟ್ಟಿಗೆ ಮುಟ್ಟಿದರೂ ಹಿತ್ತಲಿನ ಗಿಡಗಳಿಗೆ ಮುಟ್ಟುವುದಿಲ್ಲ. ತೊಟ್ಟಿಯ ಕೊಳೆ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರವಾದುದರಿಂದ, ಉದ್ದದ ಕೊಳವೆಗೆ ನಮ್ಮಲ್ಲಿ ವಿಶೇಷ ಬೇಡಿಕೆ ಇರಬಹುದು.

ಪರದೇಶಗಳಲ್ಲಿ ನಲ್ಲಿಗೆ ನೇರವಾಗಿ ಜೋಡಿಸುವ ಸೈಫನ್ನುಗಳೂ ಬಳಕೆಯಲ್ಲಿವೆ. ನಲ್ಲಿಯ ನೀರಿನ ರಭಸದಿಂದಲೇ ಅವು ತೊಟ್ಟಿಯ ನೀರನ್ನು ಎಳೆಯುತ್ತವೆ. ಮನೆಯ ಮೇಲಿನ ಟ್ಯಾಂಕಿನಿಂದ ಬರುವ ನಲ್ಲಿಯ ನೀರಿಗೆ ಅಷ್ಟು ಒತ್ತಡವಿರುವುದಿಲ್ಲ. ಮೇಲಾಗಿ ಅವು ಹತ್ತು ಲೀಟರ್ ಕೊಳೆ ನೀರು ತೆಗೆಯಲು ಒಳ್ಳೆಯ ನೀರನ್ನೂ ಹರಿಯಬಿಡುತ್ತವೆ. ಬೇಸಿಗೆಯಲ್ಲಿ ಕೊಳವೆ ಬಾವಿಯನ್ನು ನೆಚ್ಚಿರುವ ಊರುಗಳಿಗೆ ಇದು ತಕ್ಕುದಲ್ಲ. ಏತ ನೀರಾವರಿಯಿಂದ ಕೆರೆ ತುಂಬಿಸಬೇಕೆಂದು ವರ್ಷಗಟ್ಟಲೆ ಕಾದ ಉಬ್ರಾಣಿ ಸೀಮೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಯಿಯಿಂದ ಎಳೆಯುವ ಅಭ್ಯಾಸ

ಮನೆಯ ಕೊಳವೆಯ ಅತಿ ದೊಡ್ಡ ದೋಷ ಅದನ್ನು ಪ್ರಾರಂಭಿಸುವ ರೀತಿಯಲ್ಲಿದೆ. ಪೆಟ್ರೋಲು ಮತ್ತು ಸೀಮೆಎಣ್ಣೆಯನ್ನು ಬಾಯಿಯಿಂದ ಎಳೆದು ಡಬ್ಬಕ್ಕೆ ಇಳಿಸುವ ಅಪಾಯಕರ ಅಭ್ಯಾಸ ನಮ್ಮಲ್ಲಿ ಹಿಂದಿನಿಂದಲೂ ಇದೆ. ಮೀನಿನ ತೊಟ್ಟಿಗೂ ಅದನ್ನೇ ಅನುಸರಿಸುತ್ತಾರೆ. ತೊಟ್ಟಿಯ ನೀರಿನಲ್ಲಿ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಇರಬಹುದು. ಮೀನಿಗೆ ಹಾಕಿದ ಔಷಧದ ಅಂಶವೂ ಇರಬಹುದು. ಮಕ್ಕಳು ದೊಡ್ಡವರನ್ನು ನೋಡಿ ಹಾಗೆಯೇ ಮಾಡುತ್ತಾರೆ. ಕೈಯಲ್ಲಿ ಗಾಯವಿದ್ದವರು ತೊಟ್ಟಿಯೊಳಗೆ ಕೈಯಾಡಿಸುವುದೂ ಸಲ್ಲದು. ಮೀನಿನ ತೊಟ್ಟಿಯಿಂದ ಚರ್ಮಕ್ಕೆ ಅಂಟುವ ಒಂದು ಬಗೆಯ ಬ್ಯಾಕ್ಟೀರಿಯ ವಾಸಿಯಾಗಲು ಬಹಳ ಕಾಲ ತೆಗೆದುಕೊಳ್ಳುತ್ತದೆ.

ಬಲ್ಬಿಲ್ಲದೆಯೂ ಸುರಕ್ಷಿತವಾಗಿ ಪ್ರಾರಂಭಿಸುವ ವಿಧಾನವಿದೆ. ಇಡೀ ಕೊಳವೆಯನ್ನು ತೊಟ್ಟಿಯೊಳಗೆ ಮುಳುಗಿಸಿ, ಗಾಳಿಯ ಗುಳ್ಳೆಗಳೆಲ್ಲ ಹೊರಬಂದ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರತೆಗೆದು, ಬಕೆಟ್ಟಿಗೆ ಇಳಿಸಿ ಬೆರಳು ತೆಗೆದರಾಯಿತು. ಇಲ್ಲವೇ ಕೊಳವೆಗೆ ಹೊರಗಿನಿಂದಲೇ ಶುದ್ಧ ನೀರು ತುಂಬಿ ಎರಡು ತುದಿಗಳನ್ನೂ ಮುಚ್ಚಿ ಒಯ್ಯಬಹುದು. ಒಬ್ಬ ವರ್ತಕನು ಈ ಎರಡು ವಿಧಾನಗಳನ್ನು ಗಿರಾಕಿಗೆ ಒಮ್ಮೆ ಮಾಡಿ ತೋರಿಸಿದರೆ ಅದಕ್ಕೆ ತಗಲುವುದು ಎರಡು ನಿಮಿಷ. ಗಳಿಸುವುದು ಬಹುಕಾಲದ ವಿಶ್ವಾಸ.

ತಾನಾಗಿ ನಿಲ್ಲುವ ಗುಣವನ್ನೂ ಮನೆಯ ಕೊಳವೆಗೆ ತರಬಹುದು. ಕಾಲು ಭಾಗ ನೀರು ಇಳಿದಾಗ ಮಟ್ಟ ಎಲ್ಲಿರುತ್ತದೋ ಅಲ್ಲಿಗೆ, ಕೊಳವೆಯ ಒಳತುದಿಯ ಭಾಗದಲ್ಲಿ ಒಂದು ಸಣ್ಣ ರಂಧ್ರ ಕೊರೆಯಬೇಕು. ನೀರು ಆ ರಂಧ್ರಕ್ಕಿಂತ ಕೆಳಗಿಳಿದೊಡನೆ ಗಾಳಿ ಸೇರಿ ಹರಿವು ನಿಲ್ಲುತ್ತದೆ. ಹಿರೇಭಾಸ್ಕರದ ಸೈಫನ್ ನಿಲ್ಲುತ್ತಿದ್ದುದೂ ಇದೇ ಕಾರಣದಿಂದ. ಫೋನು ಬಂದಿತೆಂದು ಗೃಹಸ್ಥರು ಪಕ್ಕದ ಕೋಣೆಗೆ ಹೋದಾಗ ತೊಟ್ಟಿ ಪೂರ್ತಿ ಬರಿದಾಗುವ ಅನಾಹುತ ಇದರಿಂದ ತಪ್ಪುತ್ತದೆ. ಹಾಗೆಯೇ, ನೀರು ತೆಗೆಯುವ ಮೊದಲು ಹೀಟರು ಮತ್ತು ಫಿಲ್ಟರಿನ ಸ್ವಿಚ್ಚನ್ನು ಆರಿಸುವಂತೆ ಗಿರಾಕಿಗೆ ತಪ್ಪದೆ ಹೇಳಬೇಕು. ನೀರಿನಿಂದ ಹೊರಬಂದ ಬಿಸಿ ಹೀಟರಿನ ಗಾಜು ಒಡೆಯುತ್ತದೆ.

ಕೊಳವೆಯ ವಸ್ತು

ಮೆತ್ತನೆಯ ಪಿ.ವಿ.ಸಿ. ಕೊಳವೆಗೆ ಆ ಮೆದುತನ ಬರುವುದು ಅದಕ್ಕೆ ಬೆರೆಸುವ ರಾಸಾಯನಿಕಗಳಿಂದ. ಬಿಸಿಲು, ಶಾಖಗಳಿಗೆ ಕೆಡದಂತೆ ಸ್ಥಿರಕಾರಕಗಳನ್ನೂ ಸೇರಿಸುತ್ತಾರೆ. ಅಗ್ಗದ ಕೊಳವೆಗಳಲ್ಲಿ ಇವುಗಳ ಗುಣಮಟ್ಟ ಗೊತ್ತಾಗುವುದಿಲ್ಲ. ತೀಕ್ಷ್ಣವಾದ ವಾಸನೆ ಮಾತ್ರ ಮೂಗಿಗೆ ಬಡಿಯುತ್ತದೆ. ಪಿ.ವಿ.ಸಿ. ಪೈಪು ಮತ್ತು ಫಿಟಿಂಗುಗಳಲ್ಲಿ ಸೀಸದ ಸ್ಥಿರಕಾರಕಗಳ ಬಳಕೆಯನ್ನು ನಿಯಂತ್ರಿಸಿ ಕೇಂದ್ರ ಪರಿಸರ ಸಚಿವಾಲಯವು 2021ರಲ್ಲಿ ನಿಯಮಗಳನ್ನು ಹೊರಡಿಸಿದ್ದು ಈ ವಿಷಯದ ಗಾಂಭೀರ್ಯವನ್ನು ತೋರಿಸುತ್ತದೆ. ಆಹಾರ, ಔಷಧ ಮತ್ತು ಕುಡಿಯುವ ನೀರಿನ ಸಂಪರ್ಕಕ್ಕೆ ಬರುವ ಪಿ.ವಿ.ಸಿ.ಗೆ ಭಾರತೀಯ ಮಾನಕ ಐ.ಎಸ್. 10151 ಇದೆ. ಸಗಟು ಖರೀದಿಸುವ ವರ್ತಕರು ಇದಕ್ಕೆ ಹೊಂದುವ ಕಚ್ಚಾವಸ್ತುವಿನಿಂದ ಮಾಡಿದ ಕೊಳವೆಯೇ ಎಂದು ತಯಾರಕರನ್ನು ಲಿಖಿತವಾಗಿ ಕೇಳುವುದು ಒಳ್ಳೆಯದು.

ಆದರೆ ಇಲ್ಲಿ ಅನಾವಶ್ಯಕ ಭಯವೂ ಬೇಡ. ನೀರನ್ನು ಹೊರತೆಗೆಯಲು ಮಾತ್ರ ಬಳಸುವ ಕೊಳವೆ ತೊಟ್ಟಿಯಲ್ಲಿರುವುದು ಕೆಲವೇ ನಿಮಿಷ. ಅದರ ಮೂಲಕ ಹರಿದ ನೀರು ತೊಟ್ಟಿಗೆ ಮರಳುವುದಿಲ್ಲ. ಹೊಸ ನೀರನ್ನು ತುಂಬಲು ಬಳಸುವ ಕೊಳವೆಯ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಬಿಸಿಲಿನಲ್ಲಿ ಬಿದ್ದಿದ್ದ ತೋಟದ ಪೈಪಿನಲ್ಲಿ ನಿಂತ ನೀರನ್ನು ನೇರವಾಗಿ ತೊಟ್ಟಿಗೆ ಬಿಡಬಾರದು. ಪುರಸಭೆಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಡಬೇಕು, ಇಲ್ಲವೇ ಹೈಪೋ ಎಂದು ಕರೆಯುವ ಸೋಡಿಯಂ ಥಯೋಸಲ್ಫೇಟನ್ನು ಅಳತೆಗೆ ಸರಿಯಾಗಿ ಬೆರೆಸಬೇಕು. ಕೊಳವೆ ಬಾವಿಯ ನೀರಾದರೆ ಅದರಲ್ಲಿ ಆಮ್ಲಜನಕ ಕಡಮೆಯಿರುವುದರಿಂದ ಕೆಲವು ಗಂಟೆ ಗಾಳಿಯಾಡಿಸಿ ಬಳಸುವುದು ಕ್ಷೇಮ.

ಸಾಕಣೆ ಘಟಕದವರು ಮತ್ತು ಅಂಗಡಿಯವರು ಮತ್ತೊಂದು ಎಚ್ಚರಿಕೆ ವಹಿಸಬೇಕು. ಒಂದೇ ಕೊಳವೆಯನ್ನು ಎಲ್ಲ ತೊಟ್ಟಿಗಳಿಗೂ ಬಳಸಿದರೆ ಒಂದು ತೊಟ್ಟಿಯ ರೋಗ ಸಂಜೆಯೊಳಗೆ ಎಲ್ಲ ತೊಟ್ಟಿಗಳಿಗೂ ಹರಡುತ್ತದೆ. ಹೊಸದಾಗಿ ತಂದ ಮೀನುಗಳ ತೊಟ್ಟಿಗೆ ಬೇರೆಯೇ ಕೊಳವೆ ಇರಬೇಕು. ಉಳಿದವನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿ ಅದ್ದಿ, ತೊಳೆದು, ಒಣಗಿಸಬೇಕು. ಕೊಳವೆ ಅಗ್ಗವಾಗಿ ಸ್ಥಳೀಯವಾಗಿ ದೊರೆತರೆ ಮಾತ್ರ ತೊಟ್ಟಿಗೊಂದು ಕೊಳವೆ ಇಡುವುದು ಸಾಧ್ಯ.

ನಡುವಣ ಮಾರ್ಗ: ಸ್ಥಳೀಯ ಜೋಡಣೆ

ಮನೆಯ ಕೊಳವೆ ಅಗ್ಗ, ಉದ್ದ ಬೇಕಾದಷ್ಟು, ದುರಸ್ತಿ ಸುಲಭ. ಆದರೆ ಬಾಯಿಯ ಅಳತೆ ತಪ್ಪುತ್ತದೆ, ಪ್ರಾರಂಭಿಸುವ ಕ್ರಮ ಅಪಾಯಕರ. ಅಂಗಡಿಯ ಸೆಟ್ಟಿನಲ್ಲಿ ಬಾಯಿ ಸರಿಯಿದೆ, ಬಲ್ಬು ಇದೆ; ಆದರೆ ಉದ್ದ ಸಾಲದು, ಬಿಡಿ ಭಾಗ ಸಿಗದು. ಈ ಎರಡರ ಗುಣಗಳನ್ನು ಸೇರಿಸಿದ ಮೂರನೆಯ ವಸ್ತುವೊಂದಕ್ಕೆ ಮಾರುಕಟ್ಟೆಯಲ್ಲಿ ಸ್ಥಳವಿದೆ. ಒಳ್ಳೆಯ ಗುಣಮಟ್ಟದ 12 ಮಿ.ಮೀ. ಪಾರದರ್ಶಕ ಕೊಳವೆಯನ್ನು ಸುರುಳಿಯಲ್ಲಿ ಕೊಂಡು, 40 ಮಿ.ಮೀ. ಪ್ಲಾಸ್ಟಿಕ್ ನಳಿಕೆ, ಜಾಲರಿ, ಬಲ್ಬು, ಕ್ಲಿಪ್ಪುಗಳನ್ನು ಜೋಡಿಸಿ, ಗಿರಾಕಿ ಕೇಳಿದ ಉದ್ದಕ್ಕೆ ಕತ್ತರಿಸಿಕೊಡಬಹುದು. ಇದಕ್ಕೆ ಕಾರ್ಖಾನೆ ಬೇಡ. ಒಂದು ಮೇಜು ಮತ್ತು ಒಬ್ಬ ಕೆಲಸಗಾರ ಸಾಕು. ಹನಿ ನೀರಾವರಿ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಪೈಪು ಜೋಡಿಸುವ ಕೈಚಳಕವುಳ್ಳವರು ಈಗಾಗಲೇ ಇದ್ದಾರೆ.

ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಒಂದು ಸೆಟ್ಟಿನ ಸಾಮಗ್ರಿಗೆ 70 ರೂ., ಕೂಲಿಗೆ 15 ರೂ., ಚೀಲ ಮತ್ತು ಚೀಟಿಗೆ 10 ರೂ., ಹಾಳಾಗುವುದಕ್ಕೆಂದು 5 ರೂ. ಹಿಡಿದರೆ ಒಟ್ಟು 100 ರೂ. ಆಗುತ್ತದೆ. ತೆರಿಗೆಯನ್ನು ಬಿಟ್ಟು 130 ರೂ.ಗೆ ಮಾರಿದರೆ ಸೆಟ್ಟಿಗೆ 30 ರೂ. ಉಳಿತಾಯ. ಅಚ್ಚು ಮಾಡಿಸಿ ನಳಿಕೆಯನ್ನು ಸ್ವಂತವಾಗಿ ತಯಾರಿಸಲು 60,000 ರೂ. ವೆಚ್ಚವಾಗುವುದಾದರೆ, ಅದು ಮರಳಿ ಬರಲು 2,000 ಸೆಟ್ಟುಗಳು ಮಾರಾಟವಾಗಬೇಕು. ಉಬ್ರಾಣಿಯಲ್ಲಿ ಅಷ್ಟು ಮಾರಾಟವಾಗದು, ಚನ್ನಗಿರಿಯಲ್ಲಿಯೂ ಆಗದು. ಆದುದರಿಂದ ಅಚ್ಚಿಗೆ ಹಣ ಹಾಕುವ ಮೊದಲು ಸಿದ್ಧ ನಳಿಕೆಗಳನ್ನೇ ಕೊಂಡು ಜೋಡಿಸಿ, ದಾವಣಗೆರೆ, ಭದ್ರಾವತಿ ಮತ್ತು ಶಿವಮೊಗ್ಗದ ಅಂಗಡಿಗಳಲ್ಲಿ ಒಂದು ವರ್ಷ ಮಾರಿ ನೋಡುವುದು ವಿವೇಕ. ಪ್ರತಿಯೊಬ್ಬರೂ ತಮ್ಮ ಊರಿನ ನಿಜವಾದ ದರಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿಕೊಳ್ಳಬೇಕು.

ಜೋಡಿಸಿ ಚೀಲದಲ್ಲಿಟ್ಟು ಮಾರುವವರಿಗೆ 2011ರ ಕಾನೂನು ಮಾಪನ (ಪೊಟ್ಟಣ ಸರಕು) ನಿಯಮಗಳು ಅನ್ವಯಿಸುತ್ತವೆ. ತಯಾರಕರ ಅಥವಾ ಪೊಟ್ಟಣ ಕಟ್ಟಿದವರ ಹೆಸರು ಮತ್ತು ವಿಳಾಸ, ವಸ್ತುವಿನ ಸಾಮಾನ್ಯ ಹೆಸರು, ಪ್ರಮಾಣ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗಾಗಿ ಸಂಪರ್ಕದ ವಿವರ ಇವುಗಳನ್ನು ಮುದ್ರಿಸಲೇಬೇಕು. ಹೊರದೇಶದ ಸರಕಾದರೆ ಆಮದು ಮಾಡಿಕೊಂಡವರ ವಿವರವೂ, ತಯಾರಾದ ದೇಶದ ಹೆಸರೂ ಇರಬೇಕು. ಇವು ಯಾವುವೂ ಇಲ್ಲದ ಪೊಟ್ಟಣಗಳನ್ನು ಅಗ್ಗವೆಂದು ಕೊಂಡು ಇಟ್ಟುಕೊಳ್ಳುವ ಚಿಲ್ಲರೆ ವರ್ತಕರು ತಪಾಸಣೆಯ ಸಮಯದಲ್ಲಿ ತಾವೇ ತೊಂದರೆಗೆ ಒಳಗಾಗುತ್ತಾರೆ. ಸಗಟು ಕೊಳವೆಯನ್ನು ಗಿರಾಕಿಯ ಎದುರಿನಲ್ಲಿಯೇ ಅಳೆದು ಕತ್ತರಿಸಿಕೊಡುವುದಾದರೆ ಮುದ್ರೆ ಬಿದ್ದ ಅಳತೆಗೋಲನ್ನೇ ಬಳಸಬೇಕು.

ವರ್ತಕರಿಗೆ ಕೆಲವು ಸಲಹೆಗಳು

ಮನೆಯಲ್ಲಿ ಕೊಳವೆ ಮಾಡಿಕೊಳ್ಳುತ್ತೇನೆ ಎನ್ನುವ ಗಿರಾಕಿಯನ್ನು ನಿರುತ್ಸಾಹಗೊಳಿಸಬಾರದು. ಆತನಿಗೆ ಎರಡು ಮೀಟರ್ ಲೆವೆಲ್ ಪೈಪನ್ನೂ, ಸರಿಯಾದ ಅಳತೆಯ ನಳಿಕೆಯನ್ನೂ ಬಿಡಿಯಾಗಿ ಮಾರಿ, ಬಾಯಿ ಹಾಕದೆ ಪ್ರಾರಂಭಿಸುವ ಬಗೆಯನ್ನು ತೋರಿಸಿಕೊಡಬೇಕು. ಸೆಟ್ಟು ಕೊಳ್ಳುವವರಿಗೆ ಬಲ್ಬು ಮತ್ತು ಕ್ಲಿಪ್ಪುಗಳನ್ನು ಬಿಡಿ ಭಾಗವಾಗಿ ಇಟ್ಟುಕೊಂಡಿರಬೇಕು. ತೊಟ್ಟಿಯನ್ನು ಮಾರುವಾಗಲೇ ಕೊಳವೆಯನ್ನು ಬೆಲೆಯಲ್ಲಿ ಸೇರಿಸಿ ಕೊಡುವುದು ಎಲ್ಲಕ್ಕಿಂತ ಉತ್ತಮ. ಹಾಗೆ ಮಾಡಿದರೆ ಕೊಳವೆಯ ಲಾಭ ಒಂದಿಷ್ಟು ಕಡಮೆಯಾಗಬಹುದು. ಆದರೆ ಆ ತೊಟ್ಟಿ ವರ್ಷಗಟ್ಟಲೆ ನೀರು ತುಂಬಿಕೊಂಡಿರುತ್ತದೆ, ಅದರ ಒಡೆಯ ತಿಂಗಳು ತಿಂಗಳೂ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.

ಸೂಳೆಕೆರೆಯಂತಹ ವಿಶಾಲವಾದ ಜಲರಾಶಿಯನ್ನು ಶತಮಾನಗಳ ಕಾಲ ಉಳಿಸಿದ್ದು ಏರಿಯೊಂದೇ ಅಲ್ಲ, ಸಕಾಲದಲ್ಲಿ ನೀರು ಬಿಟ್ಟು ನಿಲ್ಲಿಸುವ ತೂಬುಗಳೂ ಹೌದು. ನೀರು ಕಟ್ಟಿಕೊಂಡು ಬದುಕುವ ನಾಡಿನಲ್ಲಿ ತೂಬಿನ ಬೆಲೆಯನ್ನು ಯಾರೂ ಕಡೆಗಣಿಸುವುದಿಲ್ಲ. ಮೀನಿನ ತೊಟ್ಟಿ ಮಾರುವ ವರ್ತಕರೂ ಅದರ ತೂಬನ್ನು ಅಷ್ಟೇ ಕಾಳಜಿಯಿಂದ ಆರಿಸಿ ಕೊಟ್ಟರೆ, ಈ ಸಣ್ಣ ವ್ಯಾಪಾರ ನಮ್ಮ ಊರುಗಳಲ್ಲಿ ನೆಲೆಯೂರುವುದರಲ್ಲಿ ಸಂದೇಹವಿಲ್ಲ.